ಹಣ್ಣಿನ ಜಾತ್ರೆಯಲ್ಲಿ ರುಚಿಗೆ ಪಾಳಿ ಯಾವಾಗ?

ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ನಮ್ಮ ಮನೆಗಳಲ್ಲಿ ಹಣ್ಣಿನ ಸುದ್ದಿ ತೆಗೆದರೆ ಎರಡೇ ಮಾತು. ಒಂದು ನೀರು, ಇನ್ನೊಂದು ರೇಟು. ಹಣ್ಣು ರುಚಿ ಹೆಂಗೈತಿ ಅನ್ನೋದು ಮೂರನೇ ಮಾತು, ಅದಕ್ಕೆ ಪಾಳಿ ಬರೋದೇ ಕಡಿಮೆ. ಬೆಳೆದವನಿಗೆ ಸಾಲದ ಚಿಂತೆ, ತಿನ್ನೋದರಾಗ ಎಲ್ಲಿ ಮನಸ್ಸು ಅಂತೀರಿ. ಖರೆ. ಆದರೆ ರುಚಿಯ ಮಾತು ಬಿಟ್ಟರೆ ನಷ್ಟ ಯಾರಿಗೆ ಅನ್ನೋದನ್ನೂ ಒಮ್ಮೆ ವಿಚಾರ ಮಾಡಬೇಕು.

ಜರ್ಮನಿಯ ಬರ್ಲಿನ್ನಿನಲ್ಲಿ ಪ್ರತಿ ವರ್ಷ ಫೆಬ್ರವರಿಯಲ್ಲಿ ಮೂರು ದಿನ 'ಫ್ರೂಟ್ ಲಾಜಿಸ್ಟಿಕಾ' ಎಂಬ ಹಣ್ಣು-ಕಾಯಿಪಲ್ಲೆಯ ವ್ಯಾಪಾರ ಮೇಳ ನಡೆಯುತ್ತದೆ. 1993ರಿಂದ ನಡೆದು ಬಂದ ಮೇಳ. 2025ರಲ್ಲಿ ಸುಮಾರು 90 ದೇಶಗಳ 2,600ಕ್ಕೂ ಹೆಚ್ಚು ಸಂಸ್ಥೆಗಳು ಅಲ್ಲಿ ಮಳಿಗೆ ಹಾಕಿದ್ದವು. ವ್ಯಾಪಾರಸ್ಥರಿಗೆ ಮಾತ್ರ ಪ್ರವೇಶ. ದ್ರಾಕ್ಷಿ ರಫ್ತು ಮಾಡುವ ನೆಂಟರೊಬ್ಬರ ಸಂಗಡ ಆ ವರ್ಷ ನಾನೂ ಹೋಗಿದ್ದೆ. ಅವರಿಗೆ ವ್ಯಾಪಾರದ ಚಿಂತೆ, ನನಗೆ ನಾಲಿಗೆಯ ಚಪಲ.

ನೋಡಲಿಕ್ಕೆ ಎರಡು ಕಣ್ಣು ಸಾಲವು. ಒಂದು ಸಭಾಂಗಣದಿಂದ ಇನ್ನೊಂದಕ್ಕೆ ನಡೆದು ನಡೆದು ಕಾಲು ಸೋಲುತ್ತವೆ. ಇಟಲಿಯ ಸೇಬು, ಸ್ಪೇನಿನ ಕಿತ್ತಳೆ, ಪೆರುವಿನ ಬೆಣ್ಣೆಹಣ್ಣು, ಗೊಂಚಲು ಗೊಂಚಲಾಗಿ ಹಾಲೆಂಡಿನ ಟೊಮ್ಯಾಟೊ. ಒಂದು ಹಣ್ಣಿಗೂ ಕಲೆಯಿಲ್ಲ, ಒಂದರ ಮೇಲೂ ಮಣ್ಣಿಲ್ಲ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಯಂತ್ರಗಳ ವಿಭಾಗಕ್ಕೆ ಹೋದರೆ ಸೇಬು ಸಾಲಾಗಿ ಓಡುತ್ತಿರುತ್ತವೆ, ಕ್ಯಾಮೆರಾ ಪ್ರತಿಯೊಂದರ ಫೋಟೋ ತೆಗೆದು ಬಣ್ಣ, ಗಾತ್ರ, ಗಾಯ ನೋಡಿ ಬೇರೆ ಬೇರೆ ಮಾಡುತ್ತದೆ. ಹಣ್ಣು ಕೊಯ್ಯದೆ ಬೆಳಕು ಬಿಟ್ಟೇ ಒಳಗಿನ ಸಕ್ಕರೆ ಅಂಶ ಅಳೆಯುವ ಯಂತ್ರವೂ ಇದೆ.

ಸಕ್ಕರೆ ಅಳೀತಾರ, ರುಚಿ ಅಳೆಯೋದಿಲ್ಲ. ಸಿಹಿ ಬೇರೆ, ರುಚಿ ಬೇರೆ ಅನ್ನೋದು ಹುಳಿ ಬೆರೆತ ದ್ರಾಕ್ಷಿ ತಿಂದವರಿಗೆ ಗೊತ್ತು. ಅಲ್ಲಿ ಕೇಳಿಬರುವ ಪ್ರಶ್ನೆಗಳೆಂದರೆ ಎಷ್ಟು ದಿನ ಬಾಳುತ್ತದೆ, ಎಷ್ಟು ಮಿಲಿಮೀಟರು ಇದೆ, ಎಷ್ಟು ಡಬ್ಬಿ ಕೊಡ್ತೀರಿ. ಅವರದೂ ತಪ್ಪಲ್ಲ ಬಿಡ್ರಿ. ನಮ್ಮ ಕಡೆಯ ದ್ರಾಕ್ಷಿ ಡಬ್ಬಿಯಲ್ಲಿ ಗಂಧಕದ ಹಾಳೆ ಇಟ್ಟುಕೊಂಡು, ತಣ್ಣನೆಯ ಕಂಟೇನರಿನಲ್ಲಿ ಕೂತು ವಾರಗಟ್ಟಲೆ ಸಮುದ್ರ ದಾಟಬೇಕು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ 2024ರ ಹಂಗಾಮಿನ ಮಾಲು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಬಾಳಿಕೆ ಇಲ್ಲದ ಹಣ್ಣು ಅಲ್ಲಿಗೆ ಮುಟ್ಟುವುದೇ ಇಲ್ಲ.

ಆದರೆ ದೂರದ ಗಿರಾಕಿಗೆ ಬೇಕಾದ ಗುಣವೇ ಹತ್ತಿರದವರ ತಾಟನ್ನೂ ಆಳಲಿಕ್ಕೆ ಶುರುವಾದರೆ? ದಾಳಿಂಬೆಯ ಸಂಗತಿ ನೋಡ್ರಿ. ಪುಣೆಯ ಗಣೇಶಖಿಂಡದಲ್ಲಿ 1936ರಲ್ಲಿ ಡಾ. ಚೀಮಾ ಅವರು ಆರಿಸಿದ 'ಗಣೇಶ' ತಳಿ ಮೆತ್ತನೆ ಬೀಜದ್ದು, ತಿಂದರೆ ಹಲ್ಲಿಗೆ ತ್ರಾಸಿಲ್ಲ. ಕಾಳಿನ ಬಣ್ಣ ಮಾತ್ರ ತೆಳು ಗುಲಾಬಿ. ಆಮೇಲೆ ಬಂದ 'ಭಗವಾ' ಸಿಪ್ಪೆ ದಪ್ಪ, ಕಾಳು ಕೆಂಪು, ಬಾಳಿಕೆ ಹೆಚ್ಚು. ತೋಟಗಳೆಲ್ಲ ಭಗವಾ ಆದವು. ಭಗವಾ ಒಳ್ಳೇ ಹಣ್ಣೇ, ಅದೇ ನಮ್ಮ ಸೊಲ್ಲಾಪುರದ ಹೆಸರನ್ನು ಲೋಕಕ್ಕೆ ಮುಟ್ಟಿಸಿತು. 2016ರಲ್ಲಿ ಸೊಲ್ಲಾಪುರ ದಾಳಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಆದರೂ ಗಣೇಶ ತಿಂದ ಹಿರಿಯರನ್ನು ಕೇಳಿ ನೋಡ್ರಿ, ಅವರ ಮುಖದಲ್ಲೇ ಉತ್ತರ ಸಿಗುತ್ತದೆ.

ದ್ರಾಕ್ಷಿಯದೂ ಇದೇ ಕಥೆ ಆಗಬಹುದು. ಸೊಲ್ಲಾಪುರದ ಬಗಲಿನ ನಾನ್ನಜದಲ್ಲಿ ನಾನಾಸಾಹೇಬ ಕಾಳೆ ಎಂಬ ರೈತರು ತಮ್ಮ ತೋಟದಲ್ಲೇ ಕಣ್ಣಿಟ್ಟು ನೋಡಿ 'ಸೋನಾಕಾ' ತಳಿ ಕಂಡುಹಿಡಿದರು. ಬಳ್ಳಿಯ ಕಡ್ಡಿ ರೈತರ ಕೈಯಿಂದ ಕೈಗೆ ಹೋಗಿ ನಾಡೆಲ್ಲ ಹಬ್ಬಿತು. ಬರ್ಲಿನ್ನಿನಲ್ಲಿ ನಾನು ಕಂಡ ಹೊಸ ತಳಿಗಳಿಗೆ ಒಡೆಯರಿದ್ದಾರೆ. ಕ್ಯಾಲಿಫೋರ್ನಿಯಾದ ಒಂದು ತಳಿ ಬಾಯಿಗೆ ಹಾಕಿದರೆ ಥೇಟ್ ನಮ್ಮ ಜಾತ್ರೆಯ ಬೊಂಬಾಯಿ ಮಿಠಾಯಿ. ಹೆಸರೂ ಅದೇ, 'ಕಾಟನ್ ಕ್ಯಾಂಡಿ'. ಪರವಾನಗಿ ಪಡೆದು ರಾಯಧನ ಕಟ್ಟಿದವರಷ್ಟೇ ಅದನ್ನು ಬೆಳೆಯಬೇಕು. ಒಂದು ಕಡ್ಡಿ ಮುರಿದು ಬೀಗರಿಗೂ ಕೊಡುವಂತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಭಾರತದ ದ್ರಾಕ್ಷಿ ಡಬ್ಬಿ ಮೇಲೆ ಅಂಕಿ ಇತ್ತು. ಆ ಅಂಕಿ ಹಿಡಿದರೆ ಯಾವ ರೈತನ ಯಾವ ಪ್ಲಾಟು ಅನ್ನೋದು ಸಿಗುತ್ತದೆ. ಇದು ಸುಮ್ಮನೆ ಬಂದದ್ದಲ್ಲ. 2003ರಲ್ಲಿ ಯುರೋಪಿನಲ್ಲಿ ನಮ್ಮ ದ್ರಾಕ್ಷಿಯಲ್ಲಿ ಔಷಧದ ಶೇಷ ಸಿಕ್ಕು ಗದ್ದಲವಾಯಿತು. ಆಮೇಲೆ ಕೇಂದ್ರ ಸರ್ಕಾರದ ಅಪೇಡಾ ಸಂಸ್ಥೆ 'ಗ್ರೇಪ್‌ನೆಟ್' ಶುರು ಮಾಡಿತು. ತೋಟದ ನೋಂದಣಿ, ಕೊಯ್ಲಿಗೆ ಮೊದಲು ಮಾದರಿ ತೆಗೆದು ಪ್ರಯೋಗಾಲಯದ ಪರೀಕ್ಷೆ, ಪಾಸಾದರೆ ಮಾತ್ರ ಹಡಗು. 2010ರಲ್ಲಿ ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆಯುವ ಕ್ಲೋರ್‌ಮೆಕ್ವಾಟ್ ಶೇಷ ಸಿಕ್ಕಾಗ ಮಾಲು ಬೇಡವೆಂದರು, ರೈತರು ಕಣ್ಣೀರು ಹಾಕಿದರು. ಆ ಪೆಟ್ಟಿನಿಂದಲೂ ಪದ್ಧತಿ ಇನ್ನಷ್ಟು ಬಿಗಿಯಾಯಿತು.

ಇದೆಲ್ಲ ಬರ್ಲಿನ್ನಿನ ಕೂಸು ತಿನ್ನುವ ದ್ರಾಕ್ಷಿಗೆ. ನಮ್ಮ ಉಮದಿ, ಸಂಖ ಸಂತೆಯಲ್ಲಿ ನಮ್ಮ ಕೂಸು ತಿನ್ನುವ ದ್ರಾಕ್ಷಿಗೆ? ಶೇಷದ ಮಿತಿ ನಮ್ಮ ಕಾಯಿದೆಯಲ್ಲೂ ಇದೆ. ಆದರೆ ತೋಟವಾರು ಪರೀಕ್ಷೆ ಮಾಡಿಯೇ ಮಾರಬೇಕೆಂಬ ಕಡ್ಡಾಯ ಸಂತೆಯ ಹಣ್ಣಿಗಿಲ್ಲ. ಅದೇ ಮಣ್ಣು, ಅದೇ ಟ್ಯಾಂಕರಿನ ನೀರು, ಅದೇ ರೈತ. ಹೊರಗಿನವರಿಗೆ ಒಂದು ತಕ್ಕಡಿ, ಮನೆಯವರಿಗೆ ಒಂದು ತಕ್ಕಡಿ ಯಾಕೆ?

ಪ್ರತಿ ಪ್ಲಾಟಿಗೂ ಪರೀಕ್ಷೆ ಅಂದರೆ ಸಾವಿರಗಟ್ಟಲೆ ಖರ್ಚು, ಸಣ್ಣ ರೈತ ಎಲ್ಲಿಂದ ತರಬೇಕು ಅಂತ ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಅದಕ್ಕೇ ರೈತನ ತಲೆ ಮೇಲೆ ಹೊರೆ ಹಾಕೋದು ಬೇಡ. ಹಂಗಾಮಿನಲ್ಲಿ ಮಾರುಕಟ್ಟೆ ಸಮಿತಿಯೇ ವಾರಕ್ಕೆ ನಾಲ್ಕು ಮಾದರಿ ತೆಗೆಸಲಿ, ಫಲಿತಾಂಶ ಯಾರ್ಡಿನ ಹಲಗೆ ಮೇಲೆ ಬರೆಯಲಿ. ಯಾವ ಔಷಧ ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವ ಪಟ್ಟಿ ಮರಾಠಿ ಜೊತೆಗೆ ಕನ್ನಡದಲ್ಲೂ ಇರಲಿ. ಔಷಧ ಹೊಡೆಯುವವನಿಗೆ ಓದಲು ಬಾರದ ಪಟ್ಟಿ ಇದ್ದೂ ಇಲ್ಲದಂತೆ.

ಇನ್ನೊಂದು ಮಾತು. ಬರ್ಲಿನ್ ಮೇಳ ನಡೆಯುವ ಹೊತ್ತಿಗೆ ನಮ್ಮ ರೈತ ಕತ್ತರಿ ಹಿಡಿದು ಬಳ್ಳಿಯ ಕೆಳಗೆ ಇರುತ್ತಾನೆ, ಅವನು ಅಲ್ಲಿಗೆ ಹೋಗಲಾರ. ಹಾಗಾದರೆ ಮೇಳವೇ ಇಲ್ಲಿಗೆ ಬರಲಿ. ಜತ್ತದಲ್ಲೋ ಸೊಲ್ಲಾಪುರದಲ್ಲೋ ಎರಡು ದಿನ ಬರೀ ಹಣ್ಣಿನ ಮೇಳ ಆಗಲಿ. ಗಣೇಶ, ಭಗವಾ, ಸೋನಾಕಾ, ಎಲ್ಲ ತಳಿ ಹೆಸರು ಬರೆದು ಇಡಲಿ. ಒಳಗೆ ಬರಲು ವ್ಯಾಪಾರಿ ಚೀಟಿ ಬೇಡ, ಹೆಣ್ಣುಮಕ್ಕಳು, ಶಾಲೆಯ ಹುಡುಗರು ಬರಲಿ, ತಿನ್ನಲಿ, ಯಾವುದು ರುಚಿ ಅಂತ ಅವರೇ ಹೇಳಲಿ. ತಿನ್ನುವವರು ತಳಿಯ ಹೆಸರು ಹಿಡಿದು ಕೇಳಲಿಕ್ಕೆ ಶುರುಮಾಡಿದರೆ ಬೆಳೆಯುವವನಿಗೂ ಬಣ್ಣದ ಹಿಂದೆ ಮಾತ್ರ ಓಡುವ ಗರಜು ಇರೋದಿಲ್ಲ. ಬರುವ ಹಂಗಾಮಿಗೆ ನಮ್ಮ ಮಾರುಕಟ್ಟೆ ಸಮಿತಿಗಳು, ದ್ರಾಕ್ಷಿ-ದಾಳಿಂಬೆ ಬೆಳೆಗಾರರ ಸಂಘಗಳು ಇಷ್ಟಾದರೂ ಮಾಡಲಿ.