ಆರೋಗ್ಯ ವಿಚಾರ: ಯಕೃತ್ತಿನ ಹುಳುವೂ ಒಡಲ ಉರಿಯೂತವೂ

ಗಾಯದ ಸುತ್ತ ಚರ್ಮವು ಕೆಂಪೇರಿ, ಊದಿ, ಬಿಸಿಯಾಗುವುದನ್ನು ನಾವೆಲ್ಲರೂ ಕಂಡವರೇ. ಇದನ್ನೇ ವೈದ್ಯರು ಉರಿಯೂತವೆನ್ನುವರು. ಹೊರಗಿನಿಂದ ನುಗ್ಗಿದ ಶತ್ರುವಿನೊಡನೆ ದೇಹವು ಹೂಡುವ ಕಾಳಗವಿದು. ನಾಲ್ಕಾರು ದಿನಗಳಲ್ಲಿ ಮುಗಿದರೆ ಅದರಿಂದ ಹಿತವೇ ಉಂಟು. ಆದರೆ ಶತ್ರುವು ವರ್ಷಗಟ್ಟಲೆ ಒಳಗೇ ಬೀಡುಬಿಟ್ಟರೆ ಆಗುವುದೇನು? ಥೈಲೆಂಡ್ ದೇಶದ ಈಶಾನ್ಯ ಸೀಮೆಯಾದ ಈಸಾನಿನಲ್ಲಿ ಇದಕ್ಕೆ ಉತ್ತರವು ದೊರೆಯುವುದು.

ಅಲ್ಲಿ ಹೊಳೆ ಕೆರೆಗಳ ಸಣ್ಣ ಮೀನನ್ನು ಕೊಚ್ಚಿ, ನಿಂಬೆರಸ ಮೆಣಸಿನಪುಡಿಗಳನ್ನು ಬೆರಸಿ, ಹಸಿಯಾಗಿಯೇ ಉಣ್ಣುವ ವಾಡಿಕೆಯುಂಟು. ಇದಕ್ಕೆ 'ಕೋಯಿ ಪ್ಲಾ' ಎಂದು ಹೆಸರು. ಆ ಮೀನಿನಲ್ಲಿ ಒಪಿಸ್ತೋರ್ಕಿಸ್ ವಿವೆರ್ರಿನಿ ಎಂಬ ಹುಳುವಿನ ಮರಿಗಳು ಬರಿಗಣ್ಣಿಗೆ ಕಾಣದಂತೆ ಅಡಗಿರಬಹುದು. ನಿಂಬೆಯ ಹುಳಿಯನ್ನಾಗಲಿ ಮೆಣಸಿನ ಖಾರವನ್ನಾಗಲಿ ನಂಬಿ ಅವು ಸತ್ತುವೆಂದು ತಿಳಿಯಲಾಗದು. ಹೊಟ್ಟೆಯನ್ನು ಸೇರಿದ ಮರಿಯು ಕರುಳಿನಿಂದ ಪಿತ್ತನಾಳಕ್ಕೆ ಏರಿ, ಎಲೆಯಂತೆ ಚಪ್ಪಟೆಯಾಗಿ ಬೆಳೆದು, ವರ್ಷಾನುಗಟ್ಟಲೆ ಬದುಕುವುದು. ಅದರ ಮೊಟ್ಟೆಗಳು ಮಲದೊಡನೆ ನೀರಿಗೆ ಬಿದ್ದು, ಬಸವನಹುಳುವಿನ ಒಡಲನ್ನು ಹೊಕ್ಕು, ಅಲ್ಲಿ ಬೆಳೆದ ಮರಿಗಳು ಮರಳಿ ಮೀನನ್ನು ಸೇರುವುವು.

ಹುಳುವು ತನ್ನ ಹೀರುಬಾಯಿಗಳಿಂದ ನಾಳದ ಒಳಪದರವನ್ನು ಕಚ್ಚಿ ಹಿಡಿದು, ತನ್ನ ರಸಗಳನ್ನು ಅಲ್ಲಿ ಸ್ರವಿಸುವುದು. ಒಡನೆಯೇ ರಕ್ತದ ಬಿಳಿಯ ಕಣಗಳು ದಂಡೆತ್ತಿ ಬರುವುವು. ಅವು ಹೊರಚೆಲ್ಲುವ ನೈಟ್ರಿಕ್ ಆಕ್ಸೈಡ್ ಮೊದಲಾದ ಉಗ್ರ ದ್ರವ್ಯಗಳಿಂದ ಹುಳುವು ಸಾಯುವುದಿಲ್ಲ; ನಾಳದ ಜೀವಕೋಶಗಳೇ ಬೆಂದು, ಅವುಗಳ ಡಿ.ಎನ್.ಎ. ಕೆಡುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಕೆಟ್ಟುದನ್ನು ಸರಿಪಡಿಸಲು ಕೋಶಗಳು ಮತ್ತೆ ಮತ್ತೆ ಒಡೆದು ಹೆಚ್ಚುವುವು. ಹುಳು ಸ್ರವಿಸುವ ಗ್ರಾನುಲಿನ್ ಎಂಬ ದ್ರವ್ಯವೂ ಅದಕ್ಕೆ ಕುಮ್ಮಕ್ಕು ಕೊಡುವುದು. ನಾಳದ ಸುತ್ತ ನಾರು ಕಟ್ಟುವುದು. ಹೀಗೆ ದಶಕಗಳು ಕಳೆದ ಮೇಲೆ ಕೆಲವರಲ್ಲಿ ಪಿತ್ತನಾಳದ ಕ್ಯಾನ್ಸರ್ ತಲೆದೋರುವುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿಯೇ ಈ ಹುಳುವನ್ನು, ಮನುಷ್ಯರಿಗೆ ಕ್ಯಾನ್ಸರ್ ತರುವುದು ಸಿದ್ಧವಾಗಿರುವ ಮೊದಲನೆಯ ವರ್ಗಕ್ಕೆ ಸೇರಿಸಿತು. ಈಸಾನಿನ ಖೋನ್ ಕೇನ್ ಪ್ರಾಂತದಲ್ಲಿ ಈ ವ್ಯಾಧಿಯು ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿ ಕಂಡುಬಂದಿದೆ.

ದುಃಖದ ಸಂಗತಿಯೆಂದರೆ, ಹುಳು ಹೊಕ್ಕವರಲ್ಲಿ ಬಹುಮಂದಿಗೆ ಯಾವ ಲಕ್ಷಣವೂ ತೋರದು. ಗೆಯ್ಯುತ್ತ, ಮಕ್ಕಳನ್ನು ಸಾಕುತ್ತ ಇರುವರು. ಕ್ಯಾನ್ಸರ್ ಆದವರಿಗೆ ಕಾಮಾಲೆಯು ಕಾಣಿಸುವ ವೇಳೆಗೆ ಅನೇಕ ವೇಳೆ ಕಾಲವು ಮಿಂಚಿರುವುದು. ಸಂಸಾರವನ್ನು ಹೊತ್ತವರೇ ಹೀಗೆ ನಡುವಯಸ್ಸಿನಲ್ಲಿ ತೀರಿಕೊಂಡರೆ ಮನೆಯ ಗತಿಯೇನು?

ಹುಳುವಿಗೆ ಮದ್ದು ಇಲ್ಲದಿಲ್ಲ. ಪ್ರಾಜಿಕ್ವಾಂಟೆಲ್ ಎಂಬ ಔಷಧವು ಅದನ್ನು ಕೊಲ್ಲುವುದು. ಆದರೆ ಒಮ್ಮೆ ಗುಣವಾದ ಮಾತ್ರಕ್ಕೆ ದೇಹಕ್ಕೆ ಮುಂದಿನ ರಕ್ಷಣೆ ದೊರೆಯದು. ಹಸಿಮೀನನ್ನು ಮತ್ತೆ ಉಂಡರೆ ಹುಳುವೂ ಮತ್ತೆ ಬರುವುದು, ಉರಿಯೂ ಮರಳುವುದು. 'ಮಾತ್ರೆಯಿದೆಯಲ್ಲ' ಎಂಬ ಧೈರ್ಯವು ಆದುದರಿಂದ ಸಲ್ಲದು.

ವೈದ್ಯನ ಚೀಟಿಗಿಂತ ಮೊದಲು ಇಲ್ಲಿ ಕೆಲಸ ಮಾಡಬೇಕಾದುದು ಅಡಿಗೆಯ ಒಲೆ. ಮೀನನ್ನು ಚೆನ್ನಾಗಿ ಬೇಯಿಸಿದರೆ ಮರಿಗಳು ಸಾಯುವುವು. ಮಲವು ಕೆರೆಯನ್ನು ಸೇರದಂತೆ ನೋಡಿಕೊಂಡರೆ ಅವುಗಳ ವಂಶವೇ ಕ್ಷೀಣಿಸುವುದು. ಹಿರಿಯರಿಂದ ಬಂದ ರುಚಿಯನ್ನು ಬಿಡುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ರುಚಿಯನ್ನು ಬಿಡಬೇಕಾಗಿಲ್ಲ. ಹಸಿತನವನ್ನು ಬಿಟ್ಟರೆ ಸಾಕು.