ಒಂದು ಉಸಿರಿನ ಪಾಠ

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಸಂಜೆ ಹೊತ್ತಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಕುಳಿತರೆ ಇಡೀ ಸೀಮೆಯ ಸುದ್ದಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಎಲ್ಲಿ ಮಳೆ ಬಿತ್ತು, ಈರುಳ್ಳಿ ದರ ಎಷ್ಟಕ್ಕೆ ಇಳಿಯಿತು, ಯಾರ ಮನೆಯ ಹುಡುಗನಿಗೆ ಯಾವ ಊರಿನ ಹೆಣ್ಣು ಗೊತ್ತಾಯಿತು ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಮೊನ್ನೆ ಹಾಗೆ ಕುಳಿತಿದ್ದಾಗ ಪಕ್ಕದ ಬೆಂಚಿನಲ್ಲಿ ಐದಾರು ಕಾಲೇಜು ಹುಡುಗರು ಜೋರಾಗಿ ವಾದಕ್ಕೆ ಬಿದ್ದಿದ್ದರು.

"ಈ ಸಲ ಅವ್ನು ನಮ್ಮ ಕಡೆ ಬರೋದು ಗ್ಯಾರಂಟಿ ನೋಡ್ಲೇ."

"ಯಾರು ಹೇಳಿದ್ರು? ಹಡಗಲಿಯೋರು ಆಗ್ಲೇ ಅವ್ರಪ್ಪನ್ನ ಕಂಡು ಮಾತಾಡ್ಯಾರಂತೆ."

"ಸುಳ್ಳು. ಅವ್ನು ಅರ್ಜಿ ತಗೊಂಡು ಹೋಗಿದ್ದನ್ನ ನಾನೇ ಕಣ್ಣಾರೆ ನೋಡೀನಿ."

ಯಾವುದೋ ಶಾಸಕರ ಪಕ್ಷಾಂತರದ ಮಾತಿರಬೇಕು ಎಂದು ನಾನು ಕಿವಿಗೊಟ್ಟೆ. ಆಮೇಲೆ ತಿಳಿಯಿತು, ಅದು ಹರಪನಹಳ್ಳಿ ಕಡೆಯ ಒಂದು ಹಳ್ಳಿಯ ಹುಡುಗನ ವಿಷಯ. ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಕಬಡ್ಡಿಯಲ್ಲಿ ರೇಡರ್. ಬ್ಯಾಕ್ ಕಿಕ್ ಹೊಡೆದರೆ ಎದುರಿನವನಿಗೆ ಕಾಲು ಕಾಣುವುದೇ ಇಲ್ಲವಂತೆ. ಅವನು ಪದವಿಗೆ ಯಾವ ಕಾಲೇಜು ಸೇರುತ್ತಾನೆ ಎಂಬುದರ ಮೇಲೆ ಈ ವರ್ಷದ ಅಂತರ ಕಾಲೇಜು ಪಂದ್ಯಗಳ ಫಲಿತಾಂಶ ನಿಂತಿದೆ ಎಂಬುದು ಆ ಬೆಂಚಿನ ಒಮ್ಮತದ ತೀರ್ಮಾನವಾಗಿತ್ತು. ಮುಂದೆ ಎರಡು ದಿನ ಕೂಡ್ಲಿಗಿಗೂ ಹಗರಿಬೊಮ್ಮನಹಳ್ಳಿಗೂ ಹೋಗುವ ಕೆಲಸವಿತ್ತು. ಆಶ್ಚರ್ಯವೆಂದರೆ ಎರಡೂ ಕಡೆ ಇದೇ ಹುಡುಗನ ಮಾತು, ಎರಡೂ ಕಡೆ "ಅವನು ನಮ್ಮ ಕಾಲೇಜಿಗೇ ಬರುತ್ತಾನೆ" ಎಂಬ ಭರವಸೆ!

ನಮ್ಮ ಈ ಐದು ಊರುಗಳ ಹುರುಪೇ ಅಂಥದ್ದು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ಊರುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆಯ ಗೆರೆ ಎಷ್ಟು ಸಲ ಅಳಿಸಿ ಬರೆದರೂ ಕಬಡ್ಡಿ ಅಂಕಣದ ಸುಣ್ಣದ ಗೆರೆಯ ಸುತ್ತ ಸೇರುವ ಜನ ಮಾತ್ರ ಅವರೇ, ಅವರ ಪೈಪೋಟಿಯೂ ಅದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುಡುಗರ ವಾದದ ಎರಡನೆಯ ಭಾಗ. ಅವರ ತಂಡಕ್ಕೆ ಆಟ ಕಲಿಸುವ ಮೇಷ್ಟ್ರು ಒಂದು ನೋಟ್‌ಬುಕ್ ಇಟ್ಟಿದ್ದಾರಂತೆ. ಅದರಲ್ಲಿ ಪುಟಪುಟವೂ ಚುಕ್ಕಿ, ಬಾಣ, ಸಂಖ್ಯೆ. ರೇಡರ್ ಎಡಕ್ಕೆ ಬಂದರೆ ಯಾರು ಮುಂದೆ, ಯಾರು ಹಿಂದೆ. ನಮ್ಮವರು ಮೂವರೇ ಉಳಿದರೆ ಹೇಗೆ. ಕೊನೆಯ ಎರಡು ನಿಮಿಷದಲ್ಲಿ ಮುಂದಿದ್ದರೆ ಹೇಗೆ. ಬೆಂಚಿನ ಅರ್ಧ ಜನ, "ಇದೆಲ್ಲ ಕಲಿಸಿದ್ರೇನೇ ಗೆಲ್ಲೋದು, ಟೀವಿಯಾಗೆ ನೋಡಿಲ್ಲೇನು?" ಎನ್ನುತ್ತಿದ್ದರು. ಇನ್ನರ್ಧ ಜನ, "ಆ ಹುಡುಗನ್ನ ಅವನ ಪಾಡಿಗೆ ಬಿಡ್ರಲೇ, ಇದನ್ನೆಲ್ಲ ತಲಿಗೆ ತುಂಬಿದ್ರೆ ಬರೋ ಆಟಾನೂ ಮರೀತಾನ" ಎನ್ನುತ್ತಿದ್ದರು.

ಕಬಡ್ಡಿಯೆಂದರೆ ತೊಡೆ ತಟ್ಟಿಕೊಂಡು ನುಗ್ಗುವ ಆಟ, ಅದರಲ್ಲಿ ನೋಟ್‌ಬುಕ್ಕಿಗೇನು ಕೆಲಸ ಎಂದು ಕೆಲವು ತಂದೆತಾಯಂದಿರು ಕೇಳಬಹುದು. ಸ್ವಲ್ಪ ಲೆಕ್ಕ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಅರ್ಧದಲ್ಲಿ ಏಳು ಮಂದಿ ನಿಂತಿರುತ್ತಾರೆ: ಎರಡು ಮೂಲೆಗೆ ಇಬ್ಬರು ಕಾರ್ನರ್‌ಗಳು, ಒಳಗಡೆ ಇಬ್ಬರು ಕವರ್‌ಗಳು, ಅವರ ನಡುವೆ ಉಳಿದ ಮೂವರು. ಎದುರಿನಿಂದ ಒಬ್ಬನೇ ಬರುತ್ತಾನೆ. ಅವನು 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಇರಬೇಕು, 30 ಸೆಕೆಂಡಿನೊಳಗೆ ನಡುಗೆರೆಗೆ ಮರಳಬೇಕು. ಎದುರಿಗೆ ಆರು ಅಥವಾ ಏಳು ಜನರಿದ್ದಾಗ ಮಾತ್ರ ಬೋನಸ್ ಗೆರೆ ದಾಟಿದರೆ ಒಂದು ಅಂಕ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ರೇಡರನ್ನು ಹಿಡಿದರೆ ಹೆಚ್ಚಿಗೆ ಒಂದು ಅಂಕ. ಇಡೀ ತಂಡ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚು. ಪ್ರೊ ಕಬಡ್ಡಿ ಲೀಗಿನಲ್ಲಿ ಎರಡು ರೇಡ್ ಬರಿಗೈಯಲ್ಲಿ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್.

ಅಂದರೆ ಒಂದೊಂದು ರೇಡಿಗೂ ಪರಿಸ್ಥಿತಿ ಬೇರೆ. ಎದುರಿಗೆ ಎಷ್ಟು ಜನ, ಅಂಕ ಎಷ್ಟು, ಹೊತ್ತು ಎಷ್ಟು ಉಳಿದಿದೆ ಎಂಬುದನ್ನೆಲ್ಲ ಓಡುತ್ತಲೇ ಲೆಕ್ಕ ಹಾಕಬೇಕು. 2014ರಲ್ಲಿ ಲೀಗ್ ಶುರುವಾಗಿ ಆಟ ಟೀವಿಗೆ ಬಂದ ಮೇಲೆ ಹಳ್ಳಿಯ ಮಣ್ಣಿನಲ್ಲಿ ಆಡುವ ಹುಡುಗನೂ ಈ ಲೆಕ್ಕ ಕಲಿಯತೊಡಗಿದ್ದಾನೆ. ಹಾಗಾಗಿ ನೋಟ್‌ಬುಕ್ ಇಟ್ಟ ಮೇಷ್ಟ್ರು ತಪ್ಪು ಮಾಡಿಲ್ಲ.

ಆದರೆ ಎರಡನೆಯ ಗುಂಪಿನ ಮಾತಿನಲ್ಲೂ ಸತ್ಯವಿದೆ. ಅದು ನನಗೆ ಗೊತ್ತಿರುವುದು ಒಬ್ಬ ಪರಿಚಿತ ಹುಡುಗನಿಂದ.

ಹಲವು ವರ್ಷಗಳ ಹಿಂದಿನ ಮಾತು. ಅವನೂ ಹೀಗೆಯೇ ಹಳ್ಳಿಯಿಂದ ಬಂದ ರೇಡರ್. ಅವನನ್ನು ಸೇರಿಸಿಕೊಂಡ ಕಾಲೇಜು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅವನು ಬರುವ ಮೊದಲೇ ಊರಲ್ಲಿ ಹೆಸರಾಗಿತ್ತು. ಬಂದ ಎರಡೇ ವಾರದಲ್ಲಿ ಅವನಿಗೆ ಹತ್ತಾರು ಸನ್ನೆಗಳನ್ನು ಕಲಿಸಿದರು. ಕಿವಿ ಮುಟ್ಟಿದರೆ ಒಂದು, ಭುಜ ಮುಟ್ಟಿದರೆ ಇನ್ನೊಂದು. ಮೊದಲ ಪಂದ್ಯದಲ್ಲಿ ಅವನು ನಡುಗೆರೆ ದಾಟಿದವನು ಎದುರಾಳಿಯ ಕಾಲು ನೋಡಬೇಕಾದಲ್ಲಿ ಹೊರಗೆ ಕುಳಿತವರ ಕೈ ನೋಡುತ್ತ ನಿಂತ. ಹಿಡಿದರು. ಮತ್ತೆ ಹೋದ, ಮತ್ತೆ ಹಿಡಿದರು. ಸುತ್ತ ನಿಂತ ಜನ ಕೂಗಾಡಿದರು. ಆ ಅವಸರದಲ್ಲಿ ಮೂರನೆಯ ಸಲ ನುಗ್ಗಿ ಮೊಣಕಾಲು ತಿರುಚಿಕೊಂಡ. ಮುಂದಿನ ತಿಂಗಳಿನಿಂದ ಕಾಲೇಜಿಗೂ ಬರಲಿಲ್ಲ. ಈಗ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಆದರೆ ಪದವಿ ಮುಗಿಸಲಿಲ್ಲ ಎಂಬ ಕೊರಗು ಅವನಿಗಿದೆ. ಒಮ್ಮೆ ಮಾತಿಗೆ ಸಿಕ್ಕಾಗ ಅಂದ: "ನನ್ನ ಕಾಲಿಗೆ ಗೊತ್ತಿದ್ದದ್ದನ್ನ ಅವತ್ತು ತಲಿ ಮರೆಸಿಬಿಡ್ತು ಸರ್."

ಈ ಮಾತನ್ನು ಪಾಠ ಹೇಳುವವರೆಲ್ಲ ಒಮ್ಮೆ ಯೋಚಿಸಬೇಕು. ಕಬಡ್ಡಿಯ ಅಳತೆ ಉಸಿರು. ಒಂದು ಉಸಿರಿನಲ್ಲಿ ಎಷ್ಟನ್ನು ನೆನಪಿನಲ್ಲಿಟ್ಟುಕೊಂಡು ಹೋಗಿ ಬರಲು ಸಾಧ್ಯವೋ ಅಷ್ಟೇ ಆ ದಿನದ ಪಾಠವಾಗಬೇಕು. ನೋಟ್‌ಬುಕ್ಕಿನಲ್ಲಿ ನೂರು ಪುಟವಿರಲಿ, ಮೇಷ್ಟ್ರ ತಲೆಯಲ್ಲಿ ಇನ್ನೂರಿರಲಿ. ಅಂಕಣಕ್ಕೆ ಇಳಿಯುವ ಹುಡುಗನ ಕೈಗೆ ಕೊಡಬೇಕಾದದ್ದು ಒಂದೋ ಎರಡೋ. ಅವು ಕಾಲಿಗೆ ಇಳಿದು ರೂಢಿಯಾದ ಮೇಲೆ ಮೂರನೆಯದು.

ಒಳ್ಳೆಯ ತರಬೇತುದಾರರು ಮಾಡುವುದೂ ಇದನ್ನೇ. ಮೊದಲು ಹುಡುಗನಿಗೆ ಸಹಜವಾಗಿ ಬರುವ ಒಂದು ಪಟ್ಟನ್ನು ಗಟ್ಟಿ ಮಾಡುತ್ತಾರೆ. ಬ್ಯಾಕ್ ಕಿಕ್ ಬರುವವನಿಗೆ ಅದನ್ನೇ ಎರಡೂ ಮೂಲೆಯಲ್ಲಿ ಮಾಡಿಸುತ್ತಾರೆ. ಆಮೇಲೆ ಅದಕ್ಕೆ ಜೋಡಿಯಾಗಿ ಬೋನಸ್ ಗೆರೆಯ ಹೆಜ್ಜೆ. ಕಿಕ್ ಬರುತ್ತದೆಂದು ಎದುರಿನವನು ಹಿಂದೆ ಸರಿದರೆ ಬೋನಸ್, ಬೋನಸ್ ತಡೆಯಲು ಮುಂದೆ ಬಂದರೆ ಕಿಕ್. ಇಷ್ಟರಲ್ಲಿಯೇ ಎದುರಾಳಿಗೆ ಗೊಂದಲ ಹುಟ್ಟುತ್ತದೆ. ಗೊಂದಲ ಎದುರಾಳಿಗೆ ಆಗಬೇಕೇ ಹೊರತು ನಮ್ಮ ಹುಡುಗನಿಗಲ್ಲ. ಹಿಡಿಯುವವರಿಗೂ ಹಾಗೆಯೇ. ಕಾರ್ನರ್ ಮತ್ತು ಕವರ್ ಇಬ್ಬರೂ ಒಂದೇ ಕ್ಷಣದಲ್ಲಿ ಬೀಳಬೇಕು. ಒಬ್ಬ ಪಾದ ಹಿಡಿದು ಇನ್ನೊಬ್ಬ ತಡಮಾಡಿದರೆ ರೇಡರ್ ಕೈಚಾಚಿ ಗೆರೆ ಮುಟ್ಟಿಬಿಡುತ್ತಾನೆ. ಆ ಹೊಂದಾಣಿಕೆ ಪುಟ ಓದಿದರೆ ಬಾರದು, ದಿನವೂ ಜೊತೆಗೆ ಆಡಿದರೆ ಮಾತ್ರ ಬರುತ್ತದೆ.

ದೊಡ್ಡವರ ಆಟದಲ್ಲೂ ಇದಕ್ಕೆ ಸಾಕ್ಷಿಯಿದೆ. ಪವನ್ ಸೆಹ್ರಾವತ್ ಹೆಸರು ಕೇಳದ ವಿದ್ಯಾರ್ಥಿಯಿಲ್ಲ. ಬೆಂಗಳೂರು ಬುಲ್ಸ್ ತಂಡದಿಂದ ಲೀಗಿಗೆ ಬಂದ ಅವರು ಐದನೆಯ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದಾಗ ಹೆಚ್ಚು ಮಿಂಚಲಿಲ್ಲ. ಮರುವರ್ಷ ಬೆಂಗಳೂರಿಗೆ ಮರಳಿದರು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲಿನಲ್ಲಿ ಅದೇ ಗುಜರಾತ್ ವಿರುದ್ಧ ಅವರೊಬ್ಬರೇ 22 ಅಂಕ ತಂದರು. ಬೆಂಗಳೂರು 38-33ರಿಂದ ಗೆದ್ದು ಮೊದಲ ಸಲ ಪ್ರಶಸ್ತಿ ಪಡೆಯಿತು. ಆಟಗಾರ ಅವನೇ, ಕಾಲು ಅವೇ. ಒಂದು ತಂಡದಲ್ಲಿ ಅರಳದವನು ಇನ್ನೊಂದರಲ್ಲಿ ಅರಳಿದ.

ಇದಕ್ಕೆ ವಿರುದ್ಧ ಉದಾಹರಣೆಯೂ ಉಂಟು. 1990ರಲ್ಲಿ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಂದಿನಿಂದ 2014ರವರೆಗೆ ಪುರುಷರ ಚಿನ್ನ ಪ್ರತಿ ಸಲವೂ ಭಾರತಕ್ಕೇ ಬಂದಿತ್ತು. 2018ರಲ್ಲಿ ಜಕಾರ್ತಾಕ್ಕೆ ಹೋದ ತಂಡದಲ್ಲಿ ಲೀಗಿನ ಹೆಸರಾಂತ ತಾರೆಯರೇ ತುಂಬಿದ್ದರು. ಸೆಮಿಫೈನಲಿನಲ್ಲಿ ಇರಾನ್ 27-18ರಿಂದ ನಮ್ಮನ್ನು ಸೋಲಿಸಿತು. ಕೂಡಿ ಹಿಡಿಯುವ ತಂಡದ ಮುಂದೆ ಒಬ್ಬೊಬ್ಬರ ಹೆಸರು ಕೆಲಸಕ್ಕೆ ಬರಲಿಲ್ಲ. ಮುಂದೆ 2023ರಲ್ಲಿ ಹಾಂಗ್‌ಝೌನಲ್ಲಿ ಪವನ್ ನಾಯಕತ್ವದ ತಂಡ ಇರಾನನ್ನೇ 33-29ರಿಂದ ಮಣಿಸಿ ಚಿನ್ನ ಮರಳಿ ತಂದಿತು.

ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಆಮೇಲೆ ತರಬೇತುದಾರರಾಗಿ 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಲೀಗ್ ಪ್ರಶಸ್ತಿ ತಂದುಕೊಟ್ಟರು. ಪುಣೆಯ ತಂಡದಲ್ಲಿ ಇದ್ದವರು ಬಹುಪಾಲು ಎಳೆಯ ಹುಡುಗರು. ರೇಡರ್‌ಗಳು ಹಿಡಿಯುವುದಕ್ಕೂ ನೆರವಾಗುತ್ತಿದ್ದರು. ಒಬ್ಬನ ಮೇಲೆ ಭಾರ ಹಾಕದೆ ಏಳು ಜನ ಹಂಚಿಕೊಂಡದ್ದು ಆ ಗೆಲುವಿನ ಗುಟ್ಟು.

ಆಟದ ನಿಯಮವೇ ಇದನ್ನು ಹೇಳುತ್ತದೆ. ಎಂಥ ಶೂರ ರೇಡರ್ ಆದರೂ ಔಟಾದ ಮೇಲೆ ಹೊರಗೆ ಕೂರಲೇಬೇಕು. ಜೊತೆಯವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರಷ್ಟೇ ಅವನಿಗೆ ಮರುಜೀವ. ಹೊಸ ಹುಡುಗನ ಮೇಲೆ ಎಲ್ಲ ಭರವಸೆ ಇಟ್ಟುಕೊಂಡು ಕೂತವರು ಈ ನಿಯಮವನ್ನು ಮರೆಯಬಾರದು.

ಈಗ ತಂದೆತಾಯಂದಿರಿಗೆ ಎರಡು ಮಾತು. ನಿಮ್ಮ ಮಗನನ್ನೋ ಮಗಳನ್ನೋ ಆಟಕ್ಕಾಗಿ ಒಂದು ಕಾಲೇಜು ಕರೆದರೆ ಹೆಮ್ಮೆಪಡಿ. ಜೊತೆಗೆ ಕೇಳಬೇಕಾದ್ದನ್ನು ಕೇಳಿ. ಅಭ್ಯಾಸ ದಿನಕ್ಕೆ ಎಷ್ಟು ಹೊತ್ತು? ಸಂಜೆ ಕೊನೆಯ ಬಸ್ ತಪ್ಪಿದರೆ ಮಲಗಲು ಎಲ್ಲಿ ವ್ಯವಸ್ಥೆ? ಪೆಟ್ಟಾದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಖರ್ಚು ಯಾರದು? ಪಂದ್ಯಕ್ಕೆ ಹೋದ ದಿನಗಳ ಹಾಜರಿ, ತಪ್ಪಿದ ಪಾಠ ಏನಾಗುತ್ತದೆ? ಇವು ಅಗೌರವದ ಪ್ರಶ್ನೆಗಳಲ್ಲ. ಒಳ್ಳೆಯ ಮೇಷ್ಟ್ರು ಇಂಥ ಪ್ರಶ್ನೆ ಕೇಳುವ ಪೋಷಕರನ್ನು ಮೆಚ್ಚುತ್ತಾರೆ. ರೈಲ್ವೆ, ಪೊಲೀಸ್ ಮುಂತಾದ ಕಡೆ ಕ್ರೀಡಾಪಟುಗಳಿಗೆ ಕೆಲಸ ಸಿಗುವುದುಂಟು. ಆದರೆ ಆ ಬಾಗಿಲು ಕಿರಿದು. ಪದವಿಯನ್ನು ಕೈಬಿಟ್ಟು ಅದರ ಮುಂದೆ ಕಾಯುವುದು ಜಾಣತನವಲ್ಲ.

ಮಗಳು ಕಬಡ್ಡಿ ಆಡುತ್ತೇನೆಂದರೆ ಬೇಡ ಎನ್ನುವ ಮನೆಗಳು ಇನ್ನೂ ಇವೆ. ಕಾರ್ಕಳ ಕಡೆಯ ಹಳ್ಳಿಯಿಂದ ಬಂದ ಮಮತಾ ಪೂಜಾರಿ, ನಮ್ಮ ರಾಜ್ಯದವರೇ ಆದ ತೇಜಸ್ವಿನಿ ಬಾಯಿ, ಇಬ್ಬರೂ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಅವರ ಮನೆಯವರೂ ಬೇಡವೆಂದಿದ್ದರೆ ನಷ್ಟ ಯಾರದಾಗುತ್ತಿತ್ತು?

ಇನ್ನೊಂದು ಮಾತು ನಮ್ಮ ನಮ್ಮ ಮನೆಗೇ ತಾಗುವಂಥದ್ದು. ಹುಡುಗನ ತಲೆಗೆ ಒಂದೇ ಸಲ ಎಲ್ಲವನ್ನೂ ತುಂಬುವ ಕೆಲಸ ಬರೀ ಆಟದ ಮೈದಾನದಲ್ಲಿ ನಡೆಯುವುದಲ್ಲ. ಬೆಳಗ್ಗೆ ಒಂದು ಟ್ಯೂಷನ್, ಸಂಜೆ ಇನ್ನೊಂದು, ನಡುವೆ ಕಂಪ್ಯೂಟರ್ ಕ್ಲಾಸು, ಭಾನುವಾರ ಪ್ರವೇಶ ಪರೀಕ್ಷೆಯ ತಯಾರಿ. ಪರೀಕ್ಷೆಯ ಕೋಣೆಯಲ್ಲಿ ಗೊತ್ತಿದ್ದ ಉತ್ತರವೂ ನೆನಪಾಗದೆ ಕುಳಿತ ಮಗುವಿಗೂ, ನಡುಗೆರೆ ದಾಟಿ ಹೊರಗೆ ಕುಳಿತವರ ಕೈ ನೋಡುತ್ತ ನಿಂತ ಆ ರೇಡರಿಗೂ ಹೆಚ್ಚು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಮತ್ತೆ ಮಿರ್ಚಿ ಅಂಗಡಿಯ ಬೆಂಚಿಗೆ ಬರೋಣ. ಅಷ್ಟೂ ಹೊತ್ತು ಒಬ್ಬ ಹುಡುಗ ಮಾತ್ರ ಒಂದು ಮಾತನ್ನೂ ಆಡದೆ ಮಂಡಕ್ಕಿ ಮುಕ್ಕುತ್ತ ಕುಳಿತಿದ್ದ. ಉಳಿದವರು ಬಸ್ ಹಿಡಿಯಲು ಎದ್ದ ಮೇಲೆ ನಾನೇ ಮಾತಿಗೆಳೆದೆ. "ನಿನ್ನ ಅಭಿಪ್ರಾಯ ಏನಪ್ಪಾ?"

"ನಾನು ಹೋದ ವರ್ಷದ ರೇಡರ್ ಸರ್" ಅಂದ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವನೇ ಮುಂದುವರಿಸಿದ. "ಅವ್ನು ಬಂದ್ರೆ ನನ್ನ ಕಾರ್ನರ್‌ಗೆ ಹಾಕ್ತಾರಂತೆ. ನನಗೆ ಹಿಡಿಯೋದು ಸರಿಯಾಗಿ ಬರಂಗಿಲ್ಲ. ಪಾದ ಹಿಡಿಯೋದೊಂದು ಮೊದ್ಲು ಕಲೀಬೇಕು ಅಂತ ಮಾಡೀನಿ. ನಾಳಿಂದ ಬೆಳಿಗ್ಗೆ ಬಾ ಅಂದಾರ ಮೇಷ್ಟ್ರು."

"ಮೇಷ್ಟ್ರ ನೋಟ್‌ಬುಕ್ಕು?"

"ಅದು ಆಮೇಲೆ ಸರ್. ಮೊದ್ಲು ಪಾದ."

ದುಡ್ಡು ಕೊಟ್ಟು ಚೀಲ ಹೆಗಲಿಗೇರಿಸಿಕೊಂಡು ಹೋದ. ಹೊಸ ಹುಡುಗ ಯಾವ ಕಾಲೇಜಿಗೆ ಸೇರುತ್ತಾನೋ ಗೊತ್ತಿಲ್ಲ. ಎಲ್ಲಿಗೇ ಸೇರಲಿ, ಅಲ್ಲಿ ಇಂಥ ಒಬ್ಬ ಜೊತೆಗಾರ ಅವನಿಗೆ ಸಿಗಲಿ.