ಶಿಬಿರದಲ್ಲಿ ಬಾಯಿಯ ತಪಾಸಣೆಯೂ ಇರಲಿ

ಸಂಘಗಳ ಆರೋಗ್ಯ ಶಿಬಿರವೆಂದರೆ ರಕ್ತದೊತ್ತಡ, ಸಕ್ಕರೆ, ಕಣ್ಣು, ಅಲ್ಲಿಗೆ ಮುಗಿಯಿತು. ಊಟವಾದ ಮೇಲೆ ಎಲೆ-ಅಡಿಕೆ ತಟ್ಟೆ ಮುಂದಿಡುವ ಕನ್ನಡಿಗರಿಗೆ ಬಾಯಿಯ ತಪಾಸಣೆಯೂ ಬೇಕು.

ಬಾಯಿ ನೋಡುವುದರಿಂದ ಜೀವ ಉಳಿಯುತ್ತದೆಯೇ ಎಂದು ಅಳೆದು ನೋಡಿದ್ದು ತಿರುವನಂತಪುರ ಜಿಲ್ಲೆಯಲ್ಲೇ. 1996ರಲ್ಲಿ ಆರಂಭವಾದ ಅಧ್ಯಯನಕ್ಕೆ 13 ಪಂಚಾಯಿತಿಗಳನ್ನು ಆರಿಸಲಾಯಿತು. ಏಳರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, 35 ದಾಟಿದವರ ಬಾಯಿಯನ್ನು ಮೂರು ವರ್ಷಕ್ಕೊಮ್ಮೆ ಕಣ್ಣಿನಿಂದಲೇ ಪರೀಕ್ಷಿಸಿದರು. ಆರರಲ್ಲಿ ಎಂದಿನ ಚಿಕಿತ್ಸಾ ವ್ಯವಸ್ಥೆ ಮಾತ್ರ. 2005ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಫಲಿತಾಂಶದಂತೆ, ತಪಾಸಣೆ ನಡೆದಲ್ಲಿ ತಂಬಾಕು ಅಥವಾ ಮದ್ಯ ಬಳಸುವವರ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಿತ್ತು. ಎರಡನ್ನೂ ಬಳಸದವರಲ್ಲಿ ಆ ಲಾಭ ಕಾಣಲಿಲ್ಲ.

ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಅಡಿಕೆ ಬೆಳೆಯುವ ಊರಿನವರಿಗೆ ಇದು ಕಹಿ ಮಾತೇ.

ಕೊಚ್ಚಿ, ತಿರುವನಂತಪುರದ ಸಂಘಗಳು ಮುಂದಿನ ಶಿಬಿರಕ್ಕೆ ದಂತವೈದ್ಯರೊಬ್ಬರನ್ನು ಕರೆಯಲಿ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು ಕಂಡವರನ್ನು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೋ ಕಳಮಶ್ಶೇರಿಯ ಕ್ಯಾನ್ಸರ್ ಕೇಂದ್ರಕ್ಕೋ ಕಳುಹಿಸಬಹುದು. ಆದರೆ ಚೀಟಿ ಬರೆದುಕೊಟ್ಟರೆ ಸಾಲದು. ಆ ಅಧ್ಯಯನದಲ್ಲೇ ಸಂಶಯ ಕಂಡವರ ಪೈಕಿ ವೈದ್ಯರ ಬಳಿಗೆ ಹೋದವರು ಶೇ. 63 ಮಾತ್ರ. ಹೋಗದವರ ಮನೆಗೆ ಫೋನ್ ಮಾಡಿ ವಿಚಾರಿಸುವ ಕೆಲಸವನ್ನು ಸಮಿತಿಯ ಒಬ್ಬರಿಗೆ ಈಗಲೇ ವಹಿಸಬೇಕು.